ಗುಲಾಬಿ ಗಿಡ ಕೊಡುವುದಿದೆ

ನಮ್ಮ ಮನೆಯ ಮೂಡಲಿಗೆ ಒಂದು ಖಾಲಿ ಸೈಟಿತ್ತು. 20 ವರ್ಷ ಖಾಲಿಯೇ ಇದ್ದದ್ದರಿಂದ ಅದಕ್ಕೊಬ್ಬ ಯಜಮಾನ ಇದ್ದಾನೆಂಬುದೇ ಮರೆತುಹೋಗಿತ್ತು. ಅಲ್ಲಿ ಬೆಳೆದ ಲಂಟಾನದ ಪೊದೆಗೆ ಬೈಯುತ್ತ, ಅದರ ಮೇಲಿಂದ ಬರುವ ಬೆಳಗಿನ ಬಿಸಿಲನ್ನು ಮಾತ್ರ ನಮ್ಮದೇ ಆಸ್ತಿ ಎಂಬಂತೆ ಅನುಭವಿಸುತ್ತಿದ್ದೆವು. ಮೂರು ವರ್ಷದ ಹಿಂದೆ ಯಜಮಾನರು ಬಂದರು. ನೋಡನೋಡುತ್ತ ಮೂರಂತಸ್ತಿನ ಮನೆ ಎದ್ದಿತು. ಜಗಳವೇನಿಲ್ಲ, ಅವರ ಜಾಗ, ಅವರ ದುಡ್ಡು. ಗೃಹಪ್ರವೇಶಕ್ಕೆ ಹೋಗಿ ಹೋಳಿಗೆ ಊಟ ಮಾಡಿಕೊಂಡೇ ಬಂದೆವು. ಮನೆ ತೋರಿಸಲು ಮೇಲೆ ಕರೆದೊಯ್ದಾಗ ತಾರಸಿಯಿಂದ ಕೆಳಗೆ ಬಗ್ಗಿ ನೋಡಿದೆ. ಬೆಳಿಗ್ಗೆ ಹತ್ತೂವರೆ. ಚಿಕ್ಕಮಗಳೂರಿಗೆಲ್ಲ ಬಿಸಿಲು ಬಿದ್ದಿತ್ತು, ನನ್ನ ಗುಲಾಬಿ ಪಾತಿಯೊಂದನ್ನು ಬಿಟ್ಟು.

ಪಾತಿಯಲ್ಲಿ ಇದ್ದದ್ದು 19 ಗಿಡ. ಅತ್ತೆ ನೆಟ್ಟದ್ದೊಂದು ಕಪ್ಪುಗೆಂಪು, ಹೆಸರು ಅವರಿಗೂ ಗೊತ್ತಿರಲಿಲ್ಲ. ಕೊಪ್ಪದ ತವರಿನಿಂದ ಗೆಲ್ಲು ತಂದು ಹತ್ತಿಸಿದ ಪನ್ನೀರು ಗುಲಾಬಿ ಒಂದು. ಉಳಿದವೆಲ್ಲ ನರ್ಸರಿಯಿಂದ, ಫಲಪುಷ್ಪ ಪ್ರದರ್ಶನದಿಂದ, ಬೆಂಗಳೂರಿಗೆ ಹೋದಾಗಲೆಲ್ಲ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವು. ನರ್ಸರಿಯವರು ಹೇಳುವ ಹೆಸರುಗಳನ್ನು ನಂಬುವಂತಿಲ್ಲ. ಉದ್ದ ದೇಟಿದ್ದರೆ ಡಚ್ ರೋಸ್, ಗೊಂಚಲಾದರೆ ಬಟನ್ಸ್, ಯಾವುದೂ ತೋಚದಿದ್ದರೆ ಕಾಶ್ಮೀರಿ. ನನಗೆ ಖಚಿತವಾಗಿ ಹೆಸರು ಗೊತ್ತಿದ್ದದ್ದು ಮೂರೇ ಜಾತಿ: ಕ್ವೀನ್ ಎಲಿಜಬೆತ್, ಐಸ್‌ಬರ್ಗ್, ಡಬಲ್ ಡಿಲೈಟ್.

ಗುಲಾಬಿಗೆ ದಿನಕ್ಕೆ 6 ಗಂಟೆಯಾದರೂ ಬಿಸಿಲು ಬೇಕು ಎನ್ನುವುದು ಎಲ್ಲರೂ ಹೇಳುವ ಮಾತು. ಆದರೆ ಬೆಳಗಿನ ಬಿಸಿಲಿನ ಬೆಲೆ ಏನೆಂದು ನನಗೆ ಅದು ಹೋದ ಮೇಲೆ ತಿಳಿಯಿತು. ನಮ್ಮೂರಲ್ಲಿ ಮುಳ್ಳಯ್ಯನಗಿರಿ ಕಡೆಯಿಂದ ಇಳಿದ ಮಂಜು ರಾತ್ರಿಯಿಡೀ ಎಲೆಯ ಮೇಲೆ ಕೂತಿರುತ್ತದೆ. ಮೊದಲಾದರೆ ಎಂಟು ಗಂಟೆಗೆಲ್ಲ ಆರಿಹೋಗುತ್ತಿತ್ತು. ಈಗ ಹನ್ನೆರಡಾದರೂ ಎಲೆ ಒದ್ದೆ. ಕಪ್ಪುಚುಕ್ಕೆ ರೋಗದ ಬೂಷ್ಟಿಗೆ ಬೇಕಾದದ್ದು ಇಷ್ಟೇ: ಎಲೆ ಒಂದೇ ಸಮ 7 ಗಂಟೆ ಒದ್ದೆಯಾಗಿದ್ದರೆ ಸಾಕು, ಒಳಗಿಳಿದುಬಿಡುತ್ತದೆ. ಗೋಡೆ ಎದ್ದ ಮೊದಲ ಮಳೆಗಾಲದಲ್ಲೇ ಎಲೆಗಳು ಹಳದಿಯಾಗಿ, ಚುಕ್ಕೆ ಹತ್ತಿ ಉದುರಿದವು. ಆಗಸ್ಟ್ ಹೊತ್ತಿಗೆ 19 ಗಿಡವೂ ಮುಳ್ಳಿನ ಕಡ್ಡಿ. ಔಷಧಿ ಹೊಡೆದೆ, ಕೆಳಗಿನ ಗೆಲ್ಲು ಸವರಿದೆ, ಉದುರಿದ ಎಲೆ ಗುಡಿಸಿ ಸುಟ್ಟೆ. ಎರಡನೇ ಮಳೆಗಾಲವೂ ಹಾಗೇ ಕಳೆಯಿತು. ಗಿಡಕ್ಕೆ ರೋಗ ಬಂದರೆ ವಾಸಿ ಮಾಡಬಹುದು, ಜಾಗಕ್ಕೆ ಬಂದರೆ ಏನು ಮಾಡುವುದು?

"ಕಿತ್ತು ಬಿಸಾಕು, ಎರಡು ಕಾರು ನಿಲ್ಲಿಸಬಹುದು" ಎಂದರು ಮನೆಯವರು. ನಮ್ಮಲ್ಲಿರುವುದು ಒಂದೇ ಕಾರು.

ಕೊಡುವುದೆಂದು ತೀರ್ಮಾನಿಸಿದ್ದು ಜೂನ್‌ನಲ್ಲಿ. ಮಲೆನಾಡಿನವರಿಗೆ ಗಿಡ ನೆಡುವುದೆಂದರೆ ಮೃಗಶಿರಾ, ಆರಿದ್ರಾ ಮಳೆಯೇ. ಕಾಫಿ ಸಸಿಯಿಂದ ಡೇರೆ ಗೆಡ್ಡೆಯವರೆಗೆ ಎಲ್ಲ ಆಗಲೇ ಗುಂಡಿಗೆ ಇಳಿಯುತ್ತವೆ. ಆದರೆ ಗೆಲ್ಲು ನೆಡುವುದು ಬೇರೆ, ಹತ್ತು ವರ್ಷದ ಗಿಡವನ್ನು ಬೇರು ಕಡಿದು ಎಬ್ಬಿಸುವುದು ಬೇರೆ. ಗಾಯಗೊಂಡ ಬೇರನ್ನು ನೀರು ನಿಂತ ಗುಂಡಿಗೆ ಇಳಿಸಿದರೆ ಕೊಳೆತೇ ಹೋಗುತ್ತದೆ. ಬೇಸಿಗೆಯಲ್ಲಂತೂ ಆಗದು. ಹಾಗಾಗಿ ಚಿತ್ತಾ ಮಳೆ ಮುಗಿಯಲಿ ಎಂದು ಕಾದೆ. ಅಕ್ಟೋಬರ್ ಕೊನೆ, ನೆಲದಲ್ಲಿ ಹಸಿಯಿರುತ್ತದೆ, ಮೇಲೆ ಸುರಿಯುವುದಿಲ್ಲ, ಬಿಸಿಲಿಗೂ ಉರಿಯಿರುವುದಿಲ್ಲ. ಹೇಗೂ ನಮ್ಮ ಕಡೆ ಗುಲಾಬಿ ಸವರುವುದೂ ಅದೇ ಹೊತ್ತಿಗೆ.

ಆಯುಧಪೂಜೆಯ ಮಾರನೇ ದಿನ ಪರಿಚಯದ ಹೆಂಗಸರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಾಲು ಹಾಕಿದೆ: "ಬೆಳೆದ ಗುಲಾಬಿ ಗಿಡ ಕೊಡುವುದಿದೆ, ದುಡ್ಡಿಲ್ಲ, ಬಂದು ಒಯ್ಯಬೇಕು." ಒಂದು ಗಂಟೆಯೊಳಗೆ ನಲವತ್ತು ಉತ್ತರ. ಅದರಲ್ಲಿ ಗಿಡ ಬೇಕೆಂದವರು ಹನ್ನೊಂದು ಜನ. ಉಳಿದವರಲ್ಲಿ ಒಬ್ಬರಿಗೆ ಮಗಳ ಆರತಕ್ಷತೆಗೆ ಹೂವು ಬೇಕಿತ್ತು. ಒಬ್ಬರಿಗೆ ಮನೆಗೇ ತಂದು, ನೆಟ್ಟೂ ಕೊಡಬೇಕಿತ್ತು. ಮತ್ತೊಬ್ಬರು ಖಾಸಗಿಯಾಗಿ ಫೋನ್ ಮಾಡಿ, ದನಿ ತಗ್ಗಿಸಿ ಕೇಳಿದರು: "ಯಾಕ್ರೀ ಕೊಡ್ತಿದೀರಿ, ಆಗಿಬರಲಿಲ್ವಾ? ಮನೆ ಮುಂದೆ ಮುಳ್ಳಿನ ಗಿಡ ಇರಬಾರ್ದು ಅಂತ ವಾಸ್ತುನಲ್ಲಿ ಹೇಳ್ತಾರೆ." ಆಗಿಬರದ್ದು ನನಗಲ್ಲ, ಗಿಡಕ್ಕೆ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಪುಕ್ಕಟೆ ಕೊಡುವುದರ ಹಿಂದೆ ಏನೋ ದೋಷ ಇದ್ದೇ ಇದೆ ಎನ್ನುವುದು ನಮ್ಮ ಜನರ ಗಟ್ಟಿ ನಂಬಿಕೆ. ಅದಕ್ಕೇ ಇರಬೇಕು, ಗಿಡ ಕೇಳಿ ತಂದರೆ ಹತ್ತುವುದಿಲ್ಲ, ಕದ್ದು ತಂದರೆ ಹತ್ತುತ್ತದೆ ಎನ್ನುವ ಮಾತು ಹುಟ್ಟಿದ್ದು.

ಮೊದಲು ಬಂದವರು ಹೆಂಗಸಲ್ಲ. ಗುಂಪಿನಲ್ಲಿದ್ದ ಹೆಂಡತಿಯಿಂದ ಸುದ್ದಿ ತಿಳಿದು ಬಂದ ನಿವೃತ್ತ ತೋಟಗಾರಿಕೆ ಅಧಿಕಾರಿ. ಬಗಲಲ್ಲಿ ಛತ್ರಿ, ಜೇಬಿನಲ್ಲಿ ಕಸಿ ಚಾಕು. "ಬಿ.ಪಿ. ಪಾಲ್ ಅವರ ಗುಲಾಬಿ ಯಾವುದಾದರೂ ಇದೆಯೇನಮ್ಮ?" ಎಂದು ಕೇಳಿದರು. ಯಾರು ಪಾಲ್ ಎಂದೆ. ಗೋಧಿ ತಳಿಗಳ ವಿಜ್ಞಾನಿ. 1965ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿಗೆ ಮೊದಲ ಮಹಾನಿರ್ದೇಶಕರಾದವರು. ದಿನವೆಲ್ಲ ಗೋಧಿ, ಬಿಡುವಾದರೆ ಗುಲಾಬಿ. ಎಷ್ಟೋ ಹೊಸ ಗುಲಾಬಿಗಳನ್ನು ಸೃಷ್ಟಿಸಿ ಒಂದಕ್ಕೆ ಡಾ. ಹೋಮಿ ಭಾಭಾ ಎಂದೇ ಹೆಸರಿಟ್ಟರು. ಇಷ್ಟನ್ನೂ ಗೇಟಿನ ಬಳಿ ನಿಂತೇ ಹೇಳಿದರು. ನನ್ನಲ್ಲಿ ಪಾಲ್ ಅವರದ್ದು ಒಂದೂ ಇರಲಿಲ್ಲ.

ಆಮೇಲೆ ಪಾತಿಯುದ್ದಕ್ಕೂ ನಡೆದು ನಾಲ್ಕು ಗಿಡಗಳ ಮುಂದೆ ನಿಂತರು. ನನಗೆ ಹೇಳಲೇ ನಾಚಿಕೆಯಾಗುತ್ತಿದ್ದ ಗಿಡಗಳು ಅವು. ತಂದಾಗ ಒಂದು ಹಳದಿ, ಒಂದು ಕಿತ್ತಳೆ, ಎರಡು ಗುಲಾಬಿ ಬಣ್ಣದವು. ಮೂರ್ನಾಲ್ಕು ವರ್ಷದಲ್ಲಿ ನಾಲ್ಕೂ ಒಂದೇ ಥರ ಆಗಿ, ವರ್ಷಕ್ಕೊಮ್ಮೆ ನಾಣ್ಯದಷ್ಟು ಬಿಳಿ ಹೂವಿನ ಗೊಂಚಲು ಬಿಟ್ಟು ಸುಮ್ಮನಾಗುತ್ತಿದ್ದವು. ನೀರಿನ ದೋಷಕ್ಕೆ ಬಣ್ಣ ಕೆಟ್ಟಿತು ಅಂದುಕೊಂಡಿದ್ದೆ. ಅಧಿಕಾರಿಗಳು ಬುಡದ ಮಣ್ಣು ಕೆರೆದು ತೋರಿಸಿದರು. ಕಸಿಗಂಟು ಒಣಗಿ ಕೊರಡಾಗಿತ್ತು. ಅದರ ಕೆಳಗಿನಿಂದ ಹೊಸ ಚಿಗುರು ಎದ್ದಿತ್ತು. "ಬಣ್ಣ ಬದಲಾಗಿಲ್ಲಮ್ಮ. ನೀವು ದುಡ್ಡು ಕೊಟ್ಟದ್ದು ಸತ್ತು ಎಷ್ಟೋ ವರ್ಷ ಆಯ್ತು. ಇದು ಅದನ್ನ ಹೊತ್ತಿದ್ದ ಬೇರಿನ ಗಿಡ, ಕಾಡುಗುಲಾಬಿ, ಮಲ್ಟಿಫ್ಲೋರಾ." ಬುಡದಿಂದ ಏಳುವ ಇಂಥ ಚಿಗುರನ್ನು ಕಂಡಾಗಲೇ ಕಿತ್ತು ತೆಗೆಯಬೇಕಿತ್ತಂತೆ. ನಾನೋ, ಹುಲುಸಾಗಿ ಬರುತ್ತಿದೆಯಲ್ಲ ಎಂದು ಅದಕ್ಕೇ ಎರಡು ಬೊಗಸೆ ಗೊಬ್ಬರ ಹೆಚ್ಚು ಹಾಕಿದ್ದೆ!

ಇವನ್ನು ತಿಪ್ಪೆಗೆ ಹಾಕುತ್ತೇನೆ ಎಂದೆ. "ನನಗೆ ಇವೇ ಬೇಕು" ಎಂದರು. ಬೇರು ಗಟ್ಟಿಯಿದೆ, ಜನವರಿ ಚಳಿಯಲ್ಲಿ ಕಣ್ಣುಕಸಿ ಮಾಡಬಹುದು ಎಂಬ ಲೆಕ್ಕ ಅವರದ್ದು. ಹೀಗೆ ಬೇಡದ್ದರಲ್ಲೇ ತೀರಾ ಬೇಡವಾದ ನಾಲ್ಕು ಮೊದಲು ಹೋದವು.

ಉಳಿದವನ್ನು ಸಿದ್ಧ ಮಾಡಲು ವಾರ ಹಿಡಿಯಿತು. ಗಿಡಗಳನ್ನು ಒಂದೂವರೆ ಅಡಿಗೆ ಸವರಿದೆ. ಎಲೆಯನ್ನೆಲ್ಲ ಬಿಡಿಸಿ ಸುಟ್ಟೆ. ಕೊಡುವುದಾದರೆ ರೋಗ ಬಿಟ್ಟು ಗಿಡ ಕೊಡಬೇಕು. ಕಡಿದ ತುದಿಗಳಿಗೆ ಅಮ್ಮ ಸೆಗಣಿ ಮೆತ್ತುತ್ತಿದ್ದಳು, ನನಗೆ ಆಲ್ದೂರಿನ ತಮ್ಮ ಬೋರ್ಡೋ ಮುಲಾಮು ಹೇಳಿಕೊಟ್ಟ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಮನೆಯವರಿಗೆ ಇದೇನು ಹೊಸದಲ್ಲ. 100 ಗ್ರಾಂ ಮೈಲುತುತ್ತ ಒಂದು ಪ್ಲಾಸ್ಟಿಕ್ ಡಬ್ಬದಲ್ಲಿ, 100 ಗ್ರಾಂ ಸುಣ್ಣ ಇನ್ನೊಂದರಲ್ಲಿ, ಎರಡೂ ಸೇರಿ ಒಂದು ಲೀಟರ್ ನೀರು, ಆಮೇಲೆ ಬೆರೆಸುವುದು. ತಿಕ್ಕಿ ಬೆಳಗಿದ ಕಬ್ಬಿಣದ ಚಾಕು ಅದ್ದಿ ನೋಡಬೇಕು, ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು ಎಂದರ್ಥ. ನೀಲಿ ಟೊಪ್ಪಿಗೆ ಹಾಕಿದ ಗಿಡಗಳು ನೋಡಲು ಚೆಂದವೇ ಇದ್ದವು.

ಒಂದು ತೊಡಕು. ಎಲೆ, ಹೂವು ಎರಡೂ ಇಲ್ಲದ ಮೇಲೆ ಎಲ್ಲ ಗುಲಾಬಿಯೂ ಒಂದೇ. ಯಾವುದು ಯಾವ ಬಣ್ಣ ಎಂದು ತಿಳಿಯಲು ಹಳೇ ಸೀರೆಗಳನ್ನು ಹರಿದು, ಹೂವಿನ ಬಣ್ಣದ್ದೇ ಪಟ್ಟಿಯನ್ನು ಪ್ರತಿ ಗಿಡದ ಕೊರಳಿಗೆ ಕಟ್ಟಿದೆ. ಅತ್ತೆಯ ಕಪ್ಪುಗೆಂಪಿಗೆ ಅವರದ್ದೇ ಮೈಸೂರು ಸಿಲ್ಕಿನ ಅಂಚು. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಅಗೆಯಲು ಕೆಲಸದ ಹುಡುಗನನ್ನು ಕರೆಸಿದ್ದೆ. ಎರಡು ದಿನ ಮೊದಲೇ ಬುಡಕ್ಕೆ ಧಾರಾಳ ನೀರು ಹಾಕಿದ್ದೆ, ಒಣ ಮಣ್ಣು ಬೇರಿಗೆ ಕಚ್ಚಿಕೊಳ್ಳುವುದಿಲ್ಲವೆಂದು. ಆದರೂ ಸಜ್ಜದ ಕೆಳಗಿದ್ದ ಮೊದಲ ಗಿಡ ಎತ್ತುತ್ತಿದ್ದಂತೆ ಮಣ್ಣೆಲ್ಲ ಕಳಚಿ ಬೇರು ಬೆತ್ತಲಾಗಿ ನೇತಾಡಿತು. ಇದು ಹೋಯಿತು ಅಂದುಕೊಂಡು ಸೆಗಣಿ ಬಗ್ಗಡದ ಬಕೆಟ್ಟಿನಲ್ಲಿ ಇಳಿಸಿಟ್ಟೆ. (ಹೋಗಲಿಲ್ಲ. ಚಳಿದೇಶಗಳಲ್ಲಿ ಗಿಡ ನಿದ್ದೆಯಲ್ಲಿರುವಾಗ ಹೀಗೆ ಮಣ್ಣೇ ಇಲ್ಲದ ಗುಲಾಬಿಯನ್ನು ಅಂಚೆಯಲ್ಲಿ ಕಳಿಸುತ್ತಾರಂತೆ. ನಮ್ಮ ಗಿಡಕ್ಕೆ ಆ ನಿದ್ದೆಯಿಲ್ಲ, ಆದರೂ ಬದುಕಿತು.) ಎರಡನೆಯದರಿಂದ ಬುಡದಿಂದ ಒಂದಡಿ ಬಿಟ್ಟು ಸುತ್ತ ಕಾಲುವೆ ತೋಡಿ, ಹಾರೆಯಿಂದ ಅಡಿಗೆ ಮೀಟಿ, ಮಣ್ಣಿನುಂಡೆಯ ಸಮೇತ ಗೋಣಿಚೀಲದ ಮೇಲೆ ಉರುಳಿಸಿಕೊಂಡೆವು. ಆರಡಿ ಬೆಳೆದಿದ್ದ ಕ್ವೀನ್ ಎಲಿಜಬೆತ್ ಎರಡೂ ಒಂದು ಮಧ್ಯಾಹ್ನವನ್ನೇ ನುಂಗಿದವು. 1954ರಲ್ಲಿ ರಾಣಿಯ ಹೆಸರಿನಲ್ಲಿ ಬಂದ ಗುಲಾಬಿ ಅದು, ಗತ್ತೂ ಹಾಗೇ. ಪಿಕಾಸಿಯ ಹಿಡಿ ಮುರಿಯಿತು, ಬೇರು ಮಿಸುಕಲಿಲ್ಲ.

ನಾಲ್ಕು ಗಂಟೆಗೆ ಕಾಫಿ ಮಾಡಲು ಒಳಗೆ ಹೋದೆ. ಹೊರಗೆ ಬಂದಾಗ ಹುಡುಗ ಎಲ್ಲ ಮಣ್ಣಿನುಂಡೆಗಳನ್ನೂ ಗೋಣಿಯಲ್ಲಿ ಸುತ್ತಿ, ಬಿಗಿಯಾಗಿ ಕಟ್ಟಿ, ಸಾಲಾಗಿ ನಿಲ್ಲಿಸಿದ್ದ. ಕಟ್ಟಿದ್ದು ನನ್ನ ಸೀರೆಯ ಪಟ್ಟಿಗಳಲ್ಲಿ! ಎಲ್ಲವನ್ನೂ ಮೊದಲೇ ಬಿಚ್ಚಿ ಗುಡ್ಡೆ ಹಾಕಿಕೊಂಡು, ಕೈಗೆ ಸಿಕ್ಕಿದ್ದನ್ನು ಬಳಸಿದ್ದ. "ಗಿಡದಲ್ಲೇ ಹಗ್ಗ ಇಟ್ಟಿದ್ರಲ್ಲಮ್ಮ, ಒಳ್ಳೇದಾಯ್ತು" ಎಂದ. ಬೈಯುವುದಾದರೂ ಹೇಗೆ?

ಆ ಸಂಜೆ ಬೆರಳಿನಿಂದ ತಡವಿ ಗಿಡ ಗುರುತಿಸಲು ಕೂತೆ. ಐಸ್‌ಬರ್ಗ್ ಸಿಕ್ಕಿಬಿಟ್ಟಿತು, ಅದಕ್ಕೆ ಮುಳ್ಳು ಕಡಿಮೆ, ಕಡ್ಡಿ ನುಣುಪು. ಕ್ವೀನ್ ಎಲಿಜಬೆತ್ ಗಾತ್ರದಲ್ಲೇ ಗೊತ್ತಾಯಿತು. ಅತ್ತೆಯ ಕಪ್ಪುಗೆಂಪು ಮತ್ತು ಡಬಲ್ ಡಿಲೈಟ್ ಮಾತ್ರ ಒಂದರ ಪಕ್ಕ ಒಂದು ಕೂತು ನನ್ನನ್ನೇ ನೋಡುತ್ತಿದ್ದವು. ಕೈಗೆಲ್ಲ ಚುಚ್ಚಿಸಿಕೊಂಡ ಮೇಲೆ ಒಂದನ್ನು ಕೆಂಪು ಎಂದು ನಿರ್ಧರಿಸಿ ಚೀಟಿ ಅಂಟಿಸಿದೆ. ನಿರ್ಧರಿಸಿದೆ ಎನ್ನುವುದಕ್ಕಿಂತ ಊಹಿಸಿದೆ ಎನ್ನಬೇಕು.

ಬಸವನಹಳ್ಳಿಯ ಟೀಚರಿಗೆ ಶುಕ್ರವಾರದ ದೇವಿ ಪೂಜೆಗೆ ಕೆಂಪೇ ಬೇಕಿತ್ತು, ಕೆಂಪೆಂಬ ಚೀಟಿಯದ್ದು ಅವರಿಗೆ ಹೋಯಿತು. ಕಡೂರಿನಲ್ಲಿರುವ ನನ್ನ ಹಳೆಯ ಸಹೋದ್ಯೋಗಿ ಎರಡು ಎಲಿಜಬೆತ್ ಮತ್ತು ಡಬಲ್ ಡಿಲೈಟ್ ಎಂಬ ಚೀಟಿಯದ್ದನ್ನು ಬಸ್ಸಿನ ಡಿಕ್ಕಿಯಲ್ಲಿ ಒಯ್ದಳು. 40 ಕಿಲೋಮೀಟರ್ ದೂರದ ಕಡೂರು ನಮ್ಮದೇ ಜಿಲ್ಲೆಯಾದರೂ ಲೋಕವೇ ಬೇರೆ, ಮಳೆ ಎಷ್ಟು ಕಮ್ಮಿಯೋ ಬಿಸಿಲು ಅಷ್ಟು ಧಾರಾಳ. ಸ್ಕೂಟರಿನಲ್ಲಿ ಬಂದ ಹೆಣ್ಣುಮಗಳೊಬ್ಬಳು ಎರಡು ಐಸ್‌ಬರ್ಗನ್ನು ಹಳೇ ಜಮಖಾನದಲ್ಲಿ ಮಗುವಿನಂತೆ ಸುತ್ತಿ ಕಾಲಿನ ನಡುವೆ ನಿಲ್ಲಿಸಿಕೊಂಡಳು. ಬಾಡಿಗೆ ಮನೆಯ ಹೊಸ ದಂಪತಿಗೆ ಕುಂಡದಲ್ಲಿ ಹಿಡಿಯುವ ಚಿಕ್ಕದೊಂದು. ಕೊಟ್ಟವರಿಗೆಲ್ಲ ಹೇಳಿದ್ದು ಒಂದೇ ಪಾಠ: ಕಸಿಗಂಟು ಮಣ್ಣಿನಿಂದ ಎರಡು ಬೆರಳು ಮೇಲಿರಲಿ, ಚಿಗುರುವವರೆಗೆ ಗೊಬ್ಬರ ಬೇಡ, ಮೊದಲ ಮೊಗ್ಗು ಚಿವುಟಿ. ಕೊನೆಯದನ್ನು ಯಾರೂ ಪಾಲಿಸುವುದಿಲ್ಲ. ನಾನೂ ಎಂದೂ ಚಿವುಟಿಲ್ಲ.

ಯಾರೂ ಬರಿಗೈಲಿ ಬರಲಿಲ್ಲ ಎನ್ನುವುದನ್ನು ಹೇಳಬೇಕು. ಒಬ್ಬರು ಡೇರೆ ಗೆಡ್ಡೆ, ಒಬ್ಬರು ಆಂಥೂರಿಯಂ, ಇನ್ನೊಬ್ಬರು ಒಂದು ಬಾಟಲಿ ಅಪ್ಪೆಮಿಡಿ. ಅಂಗಳ ಖಾಲಿ ಮಾಡಲು ಹೊರಟವಳಿಗೆ ಎಂಟು ಹೊಸ ಕುಂಡ ಸೇರಿದವು.

ಪನ್ನೀರನ್ನು ಕೊಡಲಿಲ್ಲ. ಹಾಗೆ ನೋಡಿದರೆ ಬಂದವರಲ್ಲಿ ಮುಕ್ಕಾಲು ಪಾಲು ಜನ ಮೊದಲು ಕೇಳಿದ್ದು ಅದನ್ನೇ. ಹಿರೇಮಗಳೂರಿನಿಂದ ಬಂದ ಅಜ್ಜಿಯೊಬ್ಬರು ಉಳಿದ ಯಾವುದನ್ನೂ ಕಣ್ಣೆತ್ತಿ ನೋಡಲಿಲ್ಲ. "ವಾಸ್ನೆ ಇಲ್ದಿದ್ಮೇಲೆ ಅದು ಗುಲಾಬಿ ಹೆಂಗಾಯ್ತದೆ, ಕಾಗದದ ಹೂವಲ್ವಾ?" ಎಂದರು. ಪನ್ನೀರು ಗೆಲ್ಲಿನಿಂದಲೇ ಸಲೀಸಾಗಿ ಹತ್ತುತ್ತದೆ, ಹೊಸ ಜಾತಿಗಳಂತೆ ಕಸಿಯ ಹಂಗಿಲ್ಲ. ಪೆನ್ಸಿಲ್ ದಪ್ಪದ, ಗೇಣುದ್ದದ ಗೆಲ್ಲುಗಳನ್ನು ಕತ್ತರಿಸಿ ಬಾಳೆಪಟ್ಟೆಯಲ್ಲಿ ಸುತ್ತಿ ಕೇಳಿದವರಿಗೆಲ್ಲ ಕೊಟ್ಟೆ. ಗಿಡ ಇವತ್ತಿಗೂ ನೆರಳಲ್ಲೇ ಸೊರಗುತ್ತ ನಿಂತಿದೆ. ಇದು ತ್ಯಾಗದ ಕತೆಯೇನಲ್ಲ.

ಮನಸ್ಸಿಗೆ ಹತ್ತಿದ್ದು ಒಂದು ಪ್ರಕರಣ. ಪಿಕಪ್ ಗಾಡಿಯಲ್ಲಿ ಬಂದವರೊಬ್ಬರು, ಹೋಂಸ್ಟೇ ತೋಟಕ್ಕೆ ಎಂದು ಒಂದೇ ಸಲ ನಾಲ್ಕು ಗಿಡ ಕೇಳಿದರು. ಸಲೀಸಾಗಿ ಮುಗಿಯಿತಲ್ಲ ಎನ್ನುವ ಆಸೆಗೆ ಎರಡು ಮಾತೂ ಕೇಳದೆ ಹೇರಿಸಿ ಕಳಿಸಿದೆ. ಡಿಸೆಂಬರಿನಲ್ಲಿ ಆ ದಾರಿಯಲ್ಲಿ ಹೋಗುವಾಗ ಇಳಿದು ನೋಡಿದೆ. ಸಿಲ್ವರ್ ಓಕ್ ಮರಗಳ ಅಡಿಯಲ್ಲಿ, ಕಾಂಕ್ರೀಟ್ ಗೋಡೆಗೆ ಒತ್ತಿ, ಗೋಣಿಯನ್ನೂ ಬಿಚ್ಚದೆ ನೆಟ್ಟಿದ್ದರು. ನಾಲ್ಕೂ ಒಣಕಡ್ಡಿ, ಸುತ್ತ ನನ್ನ ಸೀರೆಯ ಪಟ್ಟಿ ಹಾಗೇ ಇತ್ತು. ಅವರಿಗೆ ಬೈದುಕೊಂಡೇ ಬಂದೆ. ಆದರೆ ನೆರಳಿನಿಂದ ಎಬ್ಬಿಸಿ ನೆರಳಿಗೇ ಕಳಿಸಿದ್ದು ನಾನೇ ತಾನೆ, "ನಿಮ್ಮಲ್ಲಿ ಎಷ್ಟು ಹೊತ್ತು ಬಿಸಿಲು ಬೀಳುತ್ತೆ?" ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಹಾಗಾಗಿ ಉಳಿದಿದ್ದ ಒಂದು ಐಸ್‌ಬರ್ಗನ್ನು ಕೇಳಿಕೊಂಡು ಬಂದ ಇಬ್ಬರನ್ನು ಪರೀಕ್ಷೆಗೆ ಕೂರಿಸಿದವರಂತೆ ಪ್ರಶ್ನೆ ಕೇಳಿ ವಾಪಸು ಕಳಿಸಿದೆ. ಕೊನೆಗೆ ಅದು ಯಾರಿಗೆ ಹೋಯಿತು ಗೊತ್ತೇ? ಪಕ್ಕದ ಮೂರಂತಸ್ತಿನವರಿಗೆ. ತಾರಸಿಯಲ್ಲಿ ಬೆಳಿಗ್ಗೆ ಆರೂವರೆಯಿಂದ ಸಂಜೆಯವರೆಗೆ ಬಿಸಿಲಂತೆ. ಗೊತ್ತಿಲ್ಲದೇನು? ಈಗ ಅಡುಗೆಮನೆಯ ಕಿಟಕಿಯಿಂದ ಕತ್ತೆತ್ತಿದರೆ ಅವರ ಪ್ಯಾರಾಪೆಟ್ಟಿನ ಮೇಲೆ ಬಿಳಿ ಗೊಂಚಲು ಕಾಣುತ್ತದೆ. ನನ್ನ ಬಿಸಿಲೂ ಅಲ್ಲೇ, ನನ್ನ ಗಿಡವೂ ಅಲ್ಲೇ.

ಗಿಡ ಹೋದ ಹತ್ತನೇ ದಿನದಿಂದ ಫೋನುಗಳು ಶುರುವಾದವು. "ನಿಮ್ಮ ಗಿಡ ಸತ್ತೋಯ್ತು." ಕೊಟ್ಟ ದಿನ ಅದು ಅವರ ಗಿಡ, ಬಾಡಿದ ದಿನ ನನ್ನದು! ಹೊಸದಾಗಿ ಹೊರಟ ಎಳೆ ಚಿಗುರು ಬಾಡಿ ಕಪ್ಪಾಗುವುದು ಸಹಜ, ಬೇರು ಹಿಡಿಯುವವರೆಗೆ ಹಾಗೇ. ಉಗುರಿನಿಂದ ತೊಗಟೆ ಕೊಂಚ ಕೆರೆದು ನೋಡಿ, ಒಳಗೆ ಹಸಿರಿದೆಯಾ ಎನ್ನುತ್ತಿದ್ದೆ. ಹೊಸ ದಂಪತಿ ದಿನಾ ಕೆರೆದು ನೋಡಿ ಪಾಪದ ಗಿಡದ ಮೈತುಂಬ ಗಾಯ ಮಾಡಿಟ್ಟಿದ್ದರು. ಸಂಕ್ರಾಂತಿಗೆ ಎಳ್ಳು ಬೀರುವ ನೆಪದಲ್ಲಿ ಲೆಕ್ಕ ಹಾಕಿದೆ. ಕೊಟ್ಟ 18ರಲ್ಲಿ 12 ಚಿಗುರಿದ್ದವು, ಹೋಂಸ್ಟೇಯ ನಾಲ್ಕು ಹೋಗಿದ್ದವು, ಎರಡು ಗಿಡ ಒಯ್ದವರು ಫೋನನ್ನೇ ಎತ್ತುವುದಿಲ್ಲ.

ಫೆಬ್ರವರಿಯಲ್ಲಿ ಟೀಚರ್ ಫೋನ್ ಮಾಡಿದರು. ಹೂವು ಬಂದಿತ್ತು. ಕೆಂಪಲ್ಲ, ಬೆಣ್ಣೆಬಿಳಿಗೆ ಕೆಂಪಂಚು. ಡಬಲ್ ಡಿಲೈಟ್‌ನ ಅಂಚಿಗೆ ಬಿಸಿಲು ಬಿದ್ದಷ್ಟೂ ಕೆಂಪೇರುತ್ತದೆ. ನನ್ನ ನೆರಳಲ್ಲಿ ಅದು ಹೆಚ್ಚುಕಮ್ಮಿ ಬಿಳಿಯಾಗೇ ಇತ್ತು, ಅವರ ಅಂಗಳದಲ್ಲಿ ಅರ್ಧಕ್ಕರ್ಧ ಕೆಂಪು. "ಅರ್ಧ ಕೆಂಪು ಬಂದಿದೆ, ಇನ್ನರ್ಧಕ್ಕೆ ಯಾವ ಗೊಬ್ಬರ ಹಾಕಲಿ?" ಎಂದು ಕೇಳಿದರು. ತಪ್ಪು ಒಪ್ಪಿಕೊಂಡು ಕಡೂರಿನವಳ ನಂಬರು ಕೊಟ್ಟೆ. ಹೂವು ಬಿಟ್ಟ ಗಿಡವನ್ನು ಮತ್ತೆ ಅಗೆಯಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಆಗ ನಿವೃತ್ತ ಅಧಿಕಾರಿಗಳ ನೆನಪಾಗಿ, ಅವರನ್ನು ಕೇಳಿ ಎಂದೆ. ಅಲ್ಲಿಂದಾಚೆ ಮೂವರೂ ಅವರವರಲ್ಲೇ ಮಾತಾಡಿಕೊಂಡರು. ಕಡೂರಿನಿಂದ ಅತ್ತೆಯ ಕಪ್ಪುಗೆಂಪಿನ ಒಂದು ಕಡ್ಡಿ ಒದ್ದೆ ಬಟ್ಟೆಯಲ್ಲಿ ಬಂತು. ಅಧಿಕಾರಿಗಳು ನಾನು ತಿಪ್ಪೆಗೆ ಹಾಕಬೇಕೆಂದಿದ್ದ ಕಾಡುಗುಲಾಬಿಯ ತೊಗಟೆಯನ್ನು ಟಿ ಆಕಾರದಲ್ಲಿ ಸೀಳಿ, ಅದರೊಳಗೆ ಕಣ್ಣು ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿದರು. ಇದೆಲ್ಲ ನನಗೆ ಗೊತ್ತಾದದ್ದು ಕಣ್ಣು ಒಡೆದ ಮೇಲೆ.

ಮೊನ್ನೆ ಹೂಮಳೆ ಬಿದ್ದು ಊರ ಸುತ್ತ ಕಾಫಿ ಬಿಳಿಯಾಗಿದ್ದ ದಿನ ಅವರ ಮನೆಗೆ ಹೋಗಿದ್ದೆ. ನಾಲ್ಕು ಗಿಡದಲ್ಲೂ ಕೆಂಪು ಚಿಗುರು ಗೇಣುದ್ದ ಎದ್ದಿತ್ತು. ನನಗೂ ಒಂದು ಬೇಕು, ಅತ್ತೆಯ ಗಿಡ ಅದು ಎಂದೆ. ಒಂದು ಟೀಚರಿಗೆ, ಒಂದು ಯಾರೋ ನೆಂಟರಿಗೆ, ಎರಡು ಇನ್ನೂ ಯಾರಿಗೂ ಹೇಳಿಲ್ಲ ಎಂದರು. ಕನ್ನಡಕದ ಮೇಲಿಂದ ನನ್ನನ್ನು ನೋಡಿ ಕೇಳಿದರು:

"ಕೊಡೋಣ. ನಿಮ್ಮಲ್ಲಿ ಎಷ್ಟು ಹೊತ್ತು ಬಿಸಿಲು ಬೀಳುತ್ತಮ್ಮ?"